ಓದಿ ಹೇಳಲಾಯಿತು

ತಾಂಡೂರು
12-9-1986

ಕೌಶಲ್ಯಾಗೆ,

ಏಳು ವರ್ಷದ ಮೇಲೆ ನನ್ನ ಅಕ್ಷರ ನೋಡುತ್ತಿದ್ದೀಯ. ಒಲೆಗೆ ಹಾಕುವುದಾದರೆ ಪೂರ್ತಿ ಓದಿ ಹಾಕು.

ನಿನ್ನಿಂದ ಒಂದು ಕೆಲಸ ಆಗಬೇಕಿದೆ. ನೀನು ತಾಂಡೂರು ಬಿಟ್ಟು ನಾರಾಯಣಖೇಡಕ್ಕೆ ಹೋಗುವಾಗ ಅವ್ವನ ಟ್ರಂಕು ಒಯ್ದೆ. ಅದರ ತಳದಲ್ಲಿ, ಅಪ್ಪನ ಹಳೆಯ ಪಂಚಾಂಗಗಳ ಕೆಳಗೆ, ನನ್ನ ಹತ್ತನೇ ಇಯತ್ತೆಯ ಸರ್ಟಿಫಿಕೇಟು ಇರಬೇಕು. ಅಂಚೆಯ ಮೂಲಕ ಬಿ.ಎ. ಮಾಡಿದಾಗ ಅದರ ನಕಲು ಪ್ರತಿಯೇ ಸಾಕಾಯಿತು. ಈಗ ಅಸಲೇ ಬೇಕಂತೆ.

ಯಾತಕ್ಕೆ ಎಂದು ನೀನು ಕೇಳುವ ಮೊದಲೇ ಹೇಳುತ್ತೇನೆ. ನಾನು ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಗೆ ಓದುತ್ತಿದ್ದೇನೆ. ಪರೀಕ್ಷೆ ಬರುವ ಜೂನಿನಲ್ಲಿ, ಹೈದರಾಬಾದಿನಲ್ಲಿ. ಪಾಸಾದರೆ ಸಂಜೆಯ ಕಾಲೇಜು. ಇಲ್ಲಿಂದ ರೈಲಿನಲ್ಲಿ ಹೋಗಿ ಬರಬಹುದು. ನನಗೆ ಮೂವತ್ತೊಂಬತ್ತು ತುಂಬಿತು. ನಗಬೇಕೆನಿಸಿದರೆ ನಗು, ಇಲ್ಲಿ ಎಲ್ಲರೂ ನಗುತ್ತಾರೆ.

ನಾನು ಇನ್ನೂ ಅಲ್ಲೇ ಇದ್ದೇನೆ. ನಮ್ಮ ಮನೆಯವರು ತೀರಿಕೊಂಡ ವರ್ಷ ಶಿವಶಂಕರಪ್ಪ ವಕೀಲರು ತಮ್ಮ ಪಡಸಾಲೆಯಲ್ಲಿ ಕೊಟ್ಟ ಅದೇ ಮೇಜು, ನನ್ನ ಅದೇ ಟೈಪ್‌ರೈಟರು. ಕೋರ್ಟಿಗೆ ಬಂದವರು ಹೆಬ್ಬೆಟ್ಟು ಒತ್ತಿ ಮಸಿಯನ್ನು ನನ್ನ ಹಿಂದಿನ ಗೋಡೆಗೆ ಒರೆಸುತ್ತಾರೆ. ಗೋಡೆ ಆಳೆತ್ತರದವರೆಗೆ ಕರಿ ಬೆರಳುಗಳಿಂದ ತುಂಬಿದೆ, ಅದರ ಕೆಳಗೆ ಎಲೆ ಅಡಿಕೆಯ ಉಗುಳು. ಹದಿಮೂರು ವರ್ಷ ಅದಕ್ಕೆ ಬೆನ್ನು ಹಾಕಿ ಕೂತೆ. ಹೋದ ತಿಂಗಳು ಒಂದು ದಿನ ತಿರುಗಿ ನೋಡಿದೆ. ಆಮೇಲೆ ಅಲ್ಲಿ ಕೂತು ಬುತ್ತಿ ಬಿಚ್ಚಲು ಆಗುತ್ತಿಲ್ಲ.

ಸರ್ಟಿಫಿಕೇಟು ಫೆಬ್ರವರಿಯೊಳಗೆ ಬೇಕು. ರಿಜಿಸ್ಟರ್ ಮಾಡಿ ಕಳಿಸು.

ನಿನ್ನ ಅಕ್ಕ
ವಿಮಲಾ


ನಾರಾಯಣಖೇಡ
29-9-1986

ವಿಮಲಾಬಾಯಿಯವರಿಗೆ,

ನಿಮ್ಮ ಪತ್ರವನ್ನು ಒಲೆಗೆ ಹಾಕಲಿಲ್ಲ. ನನ್ನ ಒಲೆಯ ಮೇಲೆ ಹಾಸ್ಟೆಲಿನ ಅರವತ್ತು ಹುಡುಗಿಯರ ಅನ್ನ ಬೇಯುತ್ತದೆ. ಅದರ ಬೆಂಕಿಯಲ್ಲಿ ನಿಮ್ಮ ಅಕ್ಷರ ಬೀಳುವುದು ನನಗೆ ಬೇಡ.

ನೀವು ವಕೀಲರಾಗುತ್ತೀರಾ? ಒಳ್ಳೆಯದು. ಕೈ ಪಳಗಿದೆ.

ನೆನಪಿಲ್ಲದಿದ್ದರೆ ನೆನಪಿಸುತ್ತೇನೆ. ಆತ್ಮಾರಾಮ ನನ್ನ ಮೇಲೆ ಇನ್ನೊಬ್ಬಳನ್ನು ತರುತ್ತಾನೆ ಎಂಬ ಸುದ್ದಿ ಕೇಳಿ ನಾನು ನಿಮ್ಮ ಹತ್ತಿರ ಓಡಿಬಂದೆ. ಬೇರೆ ಯಾರ ಹತ್ತಿರ ಹೋಗಲಿ? ಆ ಪಡಸಾಲೆಯ ಮೆಟ್ಟಿಲ ಮೇಲೆ ನೀವು ನನ್ನ ಮುಂದೆ ಒಂದು ಇಂಗ್ಲಿಷ್ ಕಾಗದ ಇಟ್ಟಿರಿ. "ಆತ್ಮಾರಾಮನ ಕಡಿಂದ ತಿಂಗಳಾ ತಿಂಗಳಾ ಖರ್ಚಿಗೆ ಕೊಡಿಸೋ ಕಾಗಜ್ ಇದು. ದಸ್ಕತ್ ಮಾಡು" ಎಂದಿರಿ. ಮಾಡಿದೆ. ಅದರಲ್ಲಿ ಇದ್ದದ್ದು ಬೇರೆ. ನಾನು ನನ್ನ ಮನಸಾರೆ ಗಂಡನನ್ನು ಬಿಟ್ಟು ಬೇರೆ ಇರುತ್ತೇನೆ, ಅವನಿಂದ ಎಂದೂ ಏನೂ ಕೇಳುವುದಿಲ್ಲ ಎಂದು. ಎಂಟು ದಿನಕ್ಕೆ ಅವಳು ನನ್ನ ಮನೆಯೊಳಗೆ ಬಂದಳು. ನನ್ನ ಪಾತ್ರೆಗಳಲ್ಲೇ ಅಡಿಗೆ ಮಾಡಿದಳು.

ಟ್ರಂಕು ಇದೆ. ಸರ್ಟಿಫಿಕೇಟೂ ಇದೆ, ನೋಡಿದೆ. ಕಳಿಸುವುದಿಲ್ಲ.

ಕೌಶಲ್ಯಾ


ತಾಂಡೂರು
15-10-1986

ಕೌಶಲ್ಯಾಗೆ,

ನಿನ್ನ ಸಿಟ್ಟು ಸಹಜ. ಆದರೆ ಆ ಕಾಗದ ವಕೀಲರು ಹೇಳಿ ಬರೆಸಿದ್ದು. ನಾನು ಟೈಪ್ ಮಾಡಿದೆ, ಅಷ್ಟೇ. ದಿನಕ್ಕೆ ಇಪ್ಪತ್ತು ಕಾಗದ ಬಡಿಯುವವರ ಕಣ್ಣು ಅಕ್ಷರ ನೋಡುತ್ತದೆ, ಮಾತು ನೋಡುವುದಿಲ್ಲ. ಈ ಕೆಲಸದವರನ್ನು ಯಾರನ್ನು ಬೇಕಾದರೂ ಕೇಳು.

ಇಲ್ಲಿ ಭಾನುವಾರ ಭಾನುವಾರ ಟ್ಯೂಷನ್ ಇದೆ. ಜಹೀರಾಬಾದಿನಿಂದ ಸಂಗಮೇಶ ಎಂಬ ಹುಡುಗ ಬಂದು ಪ್ರಾಥಮಿಕ ಶಾಲೆಯ ಕೋಣೆಯಲ್ಲಿ ಹೇಳಿಕೊಡುತ್ತಾನೆ. ಈಗ ತಾನೇ ಕಾನೂನು ಮುಗಿಸಿದ್ದಾನೆ, ಇನ್ನೂ ಕರಿ ಕೋಟು ಹೊಲಿಸಿಲ್ಲ. ಅವನೊಬ್ಬನೇ ನನ್ನನ್ನು ನೋಡಿ ನಗುವುದಿಲ್ಲ. ಉಳಿದ ಆರು ಜನ ಹುಡುಗರು ಬೇಳೆ ಮಿಲ್ಲಿನವರ, ಕಲ್ಲಿನ ಗಣಿಯವರ ಮಕ್ಕಳು. ಅವರಿಗೆ ಓದು ಬೇಕಿಲ್ಲ, ಕೋಟು ಬೇಕು. ಒಬ್ಬ ನನಗೆ ಕೇಳುವಂತೆಯೇ, "ಆಯಿ ಕಟಕಟಿ ಒಳಗ ನಿಂತ್ರ ಜಡ್ಜ್ ಸಾಹೇಬ್ರು ಎದ್ದು ಪಾದ ಹಿಡಿತಾರ" ಎಂದ. ನಾನು ಅವನ ಇಂಗ್ಲಿಷ್ ತಿದ್ದುತ್ತೇನೆ, ಅದಕ್ಕೆ ಅವನಿಗೆ ನನ್ನ ಮೇಲೆ ಉರಿ.

ಸಣ್ಣ ಕುರ್ಚಿಗಳಲ್ಲಿ ಮೊಣಕಾಲು ಮಡಚಿ ಕೂತು ವಿರುದ್ಧ ಪದ, ಸಮಾನ ಪದ, ಯಾವ ದೇಶದ ರಾಜಧಾನಿ ಯಾವುದು, ಗಂಟೆಗೆ ಇಷ್ಟು ಮೈಲಿ ಹೋಗುವ ರೈಲು ಎಷ್ಟು ಹೊತ್ತಿಗೆ ಮುಟ್ಟುತ್ತದೆ, ಇದೆಲ್ಲ ಮಾಡುತ್ತೇವೆ. ಕಡೆಯ ಭಾಗ ಕಾನೂನಿನದು. ಗೈಡಿನ ಮೊದಲ ಪುಟದಲ್ಲಿ ನ್ಯಾಯದ ಬಗ್ಗೆ ದೊಡ್ಡ ದೊಡ್ಡ ಮಾತುಗಳಿವೆ. ನಾನು ವಾರವೆಲ್ಲ ಅದೇ ನ್ಯಾಯವನ್ನು ಮೂರು ಪ್ರತಿ ಟೈಪ್ ಮಾಡಿ ಬಂದಿರುತ್ತೇನೆ. ಆ ಪುಟ ತಿರುವಿಹಾಕಿ ಮುಂದಕ್ಕೆ ಹೋಗುತ್ತೇನೆ.

ಸರ್ಟಿಫಿಕೇಟಿನ ವಿಷಯ ಮತ್ತೊಮ್ಮೆ ಯೋಚಿಸು. ಅದರಿಂದ ನಿನಗೇನೂ ನಷ್ಟವಿಲ್ಲ.

ವಿಮಲಾ


ನಾರಾಯಣಖೇಡ
2-12-1986

ವಿಮಲಾಬಾಯಿಯವರಿಗೆ,

ನಿಮ್ಮ ಪತ್ರವನ್ನು ರುಕ್ಮಿಣೀಬಾಯಿ ಟೀಚರಿಗೆ ತೋರಿಸಿದೆ. ಊರಿನಲ್ಲಿ, ಪೆದ್ದೆಮುಲ್ಲಿನಲ್ಲಿ, ನಮಗಿಬ್ಬರಿಗೂ ನಾಲ್ಕನೇ ಇಯತ್ತೆ ಕಲಿಸಿದವರು. ಈಗ ಇಲ್ಲಿ ಹೆಡ್‌ಮಿಸ್ಟ್ರೆಸ್. ಹಾಸ್ಟೆಲಿನ ಅಡಿಗೆ ಕೆಲಸ ನನಗೆ ಕೊಡಿಸಿದವರೂ ಅವರೇ.

ಆ ಕಾಗದದ ನಕಲು ನನ್ನ ಹತ್ತಿರ ಇದೆ. ಟೀಚರ್ ತರಿಸಿಕೊಟ್ಟಿದ್ದರು. ಇಷ್ಟು ವರ್ಷ ಅದನ್ನು ಮುಟ್ಟಲು ಹೇಸಿಕೆಯಾಗಿ ಹಾಗೇ ಇಟ್ಟಿದ್ದೆ. "ಕಣ್ಣು ಮಾತು ನೋಡುವುದಿಲ್ಲ" ಎಂದು ನೀವು ಬರೆದ ಮೇಲೆ ತೆಗೆದು ಅವರ ಮುಂದೆ ಇಟ್ಟೆ. ಅವರು ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದರು.

ಮೂರನೇ ಸಾಲಿನಲ್ಲಿ ನನ್ನ ಹೆಸರಿನ ಒಂದು ಇಂಗ್ಲಿಷ್ ಅಕ್ಷರ ಬಿಟ್ಟುಹೋಗಿದೆ. ಅದನ್ನು ಪೆನ್ನಿನಿಂದ ಸೇರಿಸಿ ಪಕ್ಕದಲ್ಲಿ ನೀವು ಚಿಕ್ಕ ಸಹಿ ಹಾಕಿದ್ದೀರಿ. ಕೊನೆಯಲ್ಲಿ ಇನ್ನೊಂದು ಸಾಲಿದೆ. "ಮೇಲಿನದನ್ನು ಸದರಿ ಕೌಶಲ್ಯಾಬಾಯಿಗೆ ಕನ್ನಡದಲ್ಲಿ ಓದಿ ಹೇಳಲಾಯಿತು. ಕೇಳಿ, ತಿಳಿದು, ಒಪ್ಪಿ ಸಹಿ ಮಾಡಿದ್ದಾರೆ." ಅದರ ಕೆಳಗೆ ನಿಮ್ಮ ದೊಡ್ಡ ಸಹಿ.

ಟೀಚರ್ ಕನ್ನಡಕ ತೆಗೆದು, "ಓದ್ಲಾರ್ದ ಹೆಂಗ ತಿದ್ದ್ಯಾಳ?" ಎಂದರು.

ಇಷ್ಟು ದಿನ ನಿಮ್ಮನ್ನು ಹೆದರುಪುಕ್ಕಿ ಎಂದುಕೊಂಡಿದ್ದೆ. ನಿಮಗೆ ಗೊತ್ತಿರಲಿಲ್ಲ, ಆಮೇಲೆ ಗೊತ್ತಾಗಿಯೂ ಬಾಯಿ ಬಿಡಲಿಲ್ಲ ಎಂದು. ಈಗ ಒಂದೇ ಪ್ರಶ್ನೆ. ಅದರಲ್ಲಿ ಏನಿದೆ ಎಂದು ನಿಮಗೆ ಆಗಲೇ ಗೊತ್ತಿತ್ತೋ ಇಲ್ಲವೋ? ಉತ್ತರ ಮಾತ್ರ ಬರೆಯಿರಿ. ರೈಲು, ಟ್ಯೂಷನ್ ನನಗೆ ಬೇಕಿಲ್ಲ.

ಕೌಶಲ್ಯಾ


ತಾಂಡೂರು
20-1-1987

ಕೌಶಲ್ಯಾ,

ಗೊತ್ತಿತ್ತು.

ಇಷ್ಟು ಬರೆಯಲು ಏಳು ವಾರ ಹಿಡಿಯಿತು. ನಡುವೆ ಮೂರು ಪತ್ರ ಬರೆದು ಹರಿದೆ. ಮೂರರಲ್ಲೂ ಬೇರೆ ಯಾರದೋ ತಪ್ಪಿತ್ತು.

ಉತ್ತರ ಮಾತ್ರ ಸಾಕು ಎಂದಿದ್ದೀಯ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಅದರೊಳಗೂ ನಾನು ಅಡಗಿ ಕೂರುತ್ತೇನೆ.

ಆ ದಿನ ಆತ್ಮಾರಾಮ ಒಳಕೋಣೆಯಲ್ಲಿ ಕಾಲ ಮೇಲೆ ಕಾಲು ಹಾಕಿ ಎಲೆ ಮೆಲ್ಲುತ್ತಿದ್ದ. ಅವನು ಅಲ್ಲಿದ್ದದ್ದು ನಿನಗೆ ಗೊತ್ತಿಲ್ಲ. ನೀನು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದೆ. ಕುಡಿಯಲು ನೀರು ಕೇಳಿದೆ, ನಾನು ನನ್ನ ಲೋಟದಲ್ಲೇ ಕೊಟ್ಟೆ. ಆಮೇಲೆ ಶಿವಶಂಕರಪ್ಪನವರು ಹೇಳುತ್ತಾ ಹೋದರು, ನಾನು ಬಡಿಯುತ್ತಾ ಹೋದೆ. ನಾಲ್ಕನೇ ಸಾಲಿಗೆ ಕೈ ನಿಂತಿತು. ಅವರು ನನ್ನ ಕಡೆ ನೋಡಲೇ ಇಲ್ಲ. ಕಿಟಕಿಯ ಕಡೆ ನೋಡುತ್ತಾ, "ಯಾಕ್ ನಿಂತೀರಿ ವಿಮಲಾಬಾಯಿ? ಟೈಪ್ ಮಾಡೋರು ಬೇಕಾದಷ್ಟು ಮಂದಿ ಸಿಗ್ತಾರ. ಮೇಜು ಮಾತ್ರ ಒಂದೇ ಅದ" ಎಂದರು. ಅಷ್ಟೇ. ಗದರಲಿಲ್ಲ, ಬೆದರಿಸಲಿಲ್ಲ. ನಾನು ಮತ್ತೆ ಶುರು ಮಾಡಿದೆ.

ಹೊರಗೆ ತಂದಾಗ ನೀನು, "ಏನ್ ಬರದಾರ ಅಕ್ಕಾ ಇದ್ರಾಗ?" ಎಂದೆ. ನಾನು ಹೇಳಿದ್ದು ನಿನಗೆ ನೆನಪಿದೆ. ನೀನು ಕಾಗದ ನೋಡಲಿಲ್ಲ, ನನ್ನ ಮುಖ ನೋಡಿ ಸಹಿ ಮಾಡಿದೆ.

ಹೆಸರು ತಿದ್ದಿದ್ದು ಹೊರಗೆ ತರುವ ಮುಂಚೆ. ನಿನ್ನ ಹೆಸರು ತಪ್ಪಾಗಿರುವುದು ಕಣ್ಣಿಗೆ ಬಿತ್ತು, ತಪ್ಪಿರಬಾರದು ಎನಿಸಿ ಪೆನ್ನು ತೆಗೆದೆ. ನಿನ್ನನ್ನು ಬೀದಿಗೆ ಹಾಕುವ ಕಾಗದದಲ್ಲಿ ನಿನ್ನ ಹೆಸರು ಚೆನ್ನಾಗಿ ಕಾಣಲಿ ಎಂದು ನೋಡಿಕೊಂಡೆ.

ನೀನು ಹೋದ ಮೇಲೆ ಬುತ್ತಿ ಬಿಚ್ಚಿ ಊಟ ಮಾಡಿದೆ. ಎರಡು ರೊಟ್ಟಿ, ಪುಂಡಿಪಲ್ಯ. ಪೂರ್ತಿ ಊಟ ಮಾಡಿದೆ.

ಸರ್ಟಿಫಿಕೇಟು ಕಳಿಸಬೇಡ. ಕೇಳುವ ಮುಖ ನನಗಿಲ್ಲ.

ವಿಮಲಾ


ನಾರಾಯಣಖೇಡ
6-2-1987

ವಿಮಲಾಬಾಯಿಯವರಿಗೆ,

ಸರ್ಟಿಫಿಕೇಟು ಇದರ ಜೊತೆ ಇದೆ. ನಿಮ್ಮ ಮೇಲಿನ ಕರುಣೆಯಿಂದ ಅಲ್ಲ. ಆ ಪತ್ರ ಓದಿದ ಮೇಲೆ ನಿಮ್ಮ ಹೆಸರಿನ ಕಾಗದ ನನ್ನ ಸೀರೆಗಳಿರುವ ಟ್ರಂಕಿನಲ್ಲಿ ಇರುವುದು ಸಹಿಸಲಾಗಲಿಲ್ಲ. ಸೀರೆಗಳನ್ನೂ ಒಗೆದು ಹಾಕಿದೆ.

ಇನ್ನು ಬರೆಯಬೇಡಿ.

ಕೌಶಲ್ಯಾ


ತಾಂಡೂರು
22-3-1987

ಕೌಶಲ್ಯಾ,

ಬರೆಯಬೇಡ ಎಂದಿದ್ದೀಯ. ಆದರೆ ಇದನ್ನು ಬರೆಯದಿದ್ದರೆ ನಾನು ಎರಡನೇ ಸಲ ನಿನಗೆ ಮೋಸ ಮಾಡಿದಂತೆ.

ಹೋದ ಭಾನುವಾರ ಸಂಗಮೇಶ ಕಾನೂನಿನ ಭಾಗದಿಂದ ಐವತ್ತು ಪ್ರಶ್ನೆ ಕೊಟ್ಟ. ಒಂದೊಂದಕ್ಕೂ ನಾಲ್ಕು ಉತ್ತರ ಇರುತ್ತವೆ, ಸರಿಯಾದುದಕ್ಕೆ ಗುರುತು ಹಾಕಬೇಕು. ಒಂದು ಪ್ರಶ್ನೆ ಹೀಗಿತ್ತು: ಇವುಗಳಲ್ಲಿ ಯಾವ ಕರಾರು ಕಾನೂನಿನ ಮುಂದೆ ನಿಲ್ಲುವುದಿಲ್ಲ? ನಾಲ್ಕರಲ್ಲಿ ಒಂದು, ಹೆಂಡತಿ ಮುಂದೆಂದೂ ಜೀವನಾಂಶ ಕೇಳುವುದಿಲ್ಲ ಎಂದು ಗಂಡನಿಗೆ ಬರೆದುಕೊಟ್ಟದ್ದು. ಅದು ನಿಲ್ಲುತ್ತದೆ ಎಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ. ಬೇರೆ ಯಾವುದಕ್ಕೋ ಗುರುತು ಹಾಕಿದೆ.

"ಇದೊಂದು ತಪ್ಪಾತ್ರಿ" ಎಂದ ಸಂಗಮೇಶ.

"ಕಾಗದ ಆಗ್ಯಾದ, ದಸ್ಕತ್ ಆಗ್ಯಾದ, ಸಾಕ್ಷಿ ಅದ. ಹೆಂಗ ತಪ್ಪು?" ಎಂದೆ.

"ಎಲ್ಲಾ ಇರ್ಲಿ ಬಿಡ್ರಿ. ಹೊಟ್ಟಿ ಮ್ಯಾಲಿನ ಹಕ್ಕು ಬರದುಕೊಡಾಕ ಬರಂಗಿಲ್ಲ. ಆಕಿ ಮರುದಿನಾನೇ ಕೋರ್ಟಿಗಿ ಬಂದು ಕೇಳಬಹುದು."

"ಈ ಕಾನೂನು ಯಾವಾಗ ಆತು?"

"ನಾ ಹುಟ್ಟೋಕಿಂತ ಮೊದ್ಲಿಂದ ಹಿಂಗೇ ಅದ್ರಿ."

ಹುಡುಗರು ನಕ್ಕರು. ನಾನು ಎದ್ದು ಹೊರಗೆ ಹೋಗಿ ಶಾಲೆಯ ನಲ್ಲಿಯ ಹತ್ತಿರ ಕೂತೆ.

ಸೋಮವಾರ ಶಿವಶಂಕರಪ್ಪನವರನ್ನು ಕೇಳಿದೆ. ಅವರು ಮುಚ್ಚಿಡಲಿಲ್ಲ. "ಗೊತ್ತಿರಲಾರ್ದ ಏನ್? ಆಕಿ ಕೇಳ್ಲಿಲ್ಲ, ನಾ ಹೇಳ್ಲಿಲ್ಲ. ಇಂಥಾ ಕಾಗದ ಕೋರ್ಟಿಗಲ್ಲ ವಿಮಲಾಬಾಯಿ, ಹೆದರ್ಸಾಕ" ಎಂದು ಬಾಯಿ ಒರೆಸಿಕೊಂಡರು. ಒರೆಸಿಕೊಂಡು ನನ್ನ ಕೈಗೆ ಇನ್ನೊಂದು ಕರಡು ಕೊಟ್ಟರು. ನೋಡಿದೆ. ಹೆಸರು ಬೇರೆ, ಸಾಲುಗಳು ಅವೇ. ಹೊರಗೆ ಮೆಟ್ಟಿಲ ಮೇಲೆ ಬಶೀರಾಬಾದಿನ ಮರೆಮ್ಮ ಎಂಬ ಹೆಂಗಸು ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತಾ ಕೂತಿದ್ದಳು.

ನಾನು ಕರಡನ್ನು ಹಿಡಿದುಕೊಂಡೇ ಹೊರಗೆ ಹೋದೆ. ಅವಳ ಪಕ್ಕದಲ್ಲಿ ಕೂತು ಅದರಲ್ಲಿ ಏನಿದೆಯೋ ಅಷ್ಟನ್ನೂ ಕನ್ನಡದಲ್ಲಿ ಹೇಳಿದೆ. ಅವಳು, "ಹಂಗಾರ ಖರ್ಚಿಗಿ ಕೊಡಸ್ತೀವಿ ಅಂದಿದ್ದು?" ಎಂದಳು. "ಸುಳ್ಳು" ಎಂದೆ. ಅವಳು ಎದ್ದು ಮೆಟ್ಟಿಲ ಮೇಲೆ ಉಗಿದು ಹೋದಳು. ಉಗುಳು ನನ್ನ ಕಾಲ ಹತ್ತಿರ ಬಿತ್ತು. ಸರಿಯಾಗಿಯೇ ಬಿತ್ತು.

ಹತ್ತು ನಿಮಿಷದಲ್ಲಿ ಮೇಜು ಹೋಯಿತು. ಮಿಷನ್ ನನ್ನದು. ಅದನ್ನು ಸೊಂಟದ ಮೇಲೆ ಹೊತ್ತು ಅಂಚೆ ಕಚೇರಿಯ ಹುಣಸೆ ಮರದ ಕೆಳಗೆ ತಂದಿಟ್ಟೆ. ಈಗ ಅಲ್ಲೇ ಕೂರುತ್ತೇನೆ.

ಇದರ ಜೊತೆ ಒಂದು ಅರ್ಜಿ ಇದೆ. ನೀನು ಜೀವನಾಂಶ ಕೇಳುವ ಅರ್ಜಿ. ಎಡಕ್ಕೆ ಇಂಗ್ಲಿಷ್, ಬಲಕ್ಕೆ ಅದೇ ಸಾಲಿನ ಕನ್ನಡ. ನನ್ನನ್ನು ನಂಬಬೇಡ. ಟೀಚರಿಂದ ಎರಡೂ ಕಡೆ ಓದಿಸಿ ತಾಳೆ ನೋಡು. ಅವರು ಸರಿ ಎಂದರೆ ಮಾತ್ರ ಸಹಿ ಮಾಡು. ಒಂದು ಮಾತು: ಕಾಗದ ನಿಲ್ಲದಿದ್ದರೂ, ನೀನು ಒಪ್ಪಿಯೇ ಬೇರೆ ಹೋದೆ ಎಂದು ಅವರು ವಾದಿಸುತ್ತಾರೆ. ಓದಿ ಹೇಳಿದ್ದೇನೆ ಎಂಬ ನನ್ನ ಸಹಿಯನ್ನು ತೋರಿಸುತ್ತಾರೆ.

ವಿಮಲಾ


ನಾರಾಯಣಖೇಡ
10-4-1987

ವಿಮಲಾಬಾಯಿ,

ಏಳು ವರ್ಷ. ಹಾಸ್ಟೆಲಿನ ಹೊಗೆಗೆ ನನ್ನ ಎಡಗಣ್ಣು ಮಂಜಾಗಿದೆ. ಇಲ್ಲಿಯ ಡಾಕ್ಟರು ಹೈದರಾಬಾದಿಗೆ ಹೋಗಿ ತೋರಿಸಿ ಎಂದರು. ಏನು ಇಟ್ಟುಕೊಂಡು ಹೋಗಲಿ? ಬರೆದುಕೊಟ್ಟಿದ್ದೇನಲ್ಲ, ಕೇಳಬಾರದು ಎಂದು ಸುಮ್ಮನಿದ್ದೆ. ಹಬ್ಬಕ್ಕೆ ಪೆದ್ದೆಮುಲ್ಲಿಗೆ ಹೋದಾಗ ಹೆಂಗಸರು, "ತಾನೇ ಬಿಟ್ಟು ಬಂದಾಳಂತ, ಎಂಥಾ ಸೊಕ್ಕು" ಎಂದರು. ಆಮೇಲೆ ಪೆದ್ದೆಮುಲ್ಲಿಗೂ ಹೋಗಲಿಲ್ಲ.

ಈಗ ಹೇಳುತ್ತೀ, ಅದು ಬರೀ ಕಾಗದವಂತೆ. ಹಾಗಾದರೆ ನನ್ನನ್ನು ಇಲ್ಲಿ ಕಟ್ಟಿಹಾಕಿದ್ದು ಯಾವುದು? ಕಾನೂನಲ್ಲ, ವಕೀಲನಲ್ಲ. ಅಕ್ಕ ಸಹಿ ಮಾಡಿದ್ದಾಳೆ ಎಂಬುದು.

ನಿನ್ನ ಮೇಲೆ ಸಿಟ್ಟಿದ್ದರೆ ಬೈದು ಮುಗಿಸುತ್ತಿದ್ದೆ. ಇದು ಸಿಟ್ಟಲ್ಲ. ಅನ್ನದಲ್ಲಿ ಹುಳ ಕಂಡಾಗ ಆಗುತ್ತದಲ್ಲ, ಅದು.

ಟೀಚರ್ ಎರಡೂ ಕಡೆ ಓದಿದರು. ಒಂದು ಕಡೆ ಅಲ್ಪವಿರಾಮ ಹಾಕಿದರು, ಬೇರೆ ತಪ್ಪಿಲ್ಲ ಎಂದರು. ಸಹಿ ಮಾಡಿದ್ದೇನೆ. ಮೇ ಮೊದಲ ವಾರ ಟೀಚರ್ ಜೊತೆ ಬಂದು ಕೋರ್ಟಿಗೆ ಕೊಡುತ್ತೇನೆ. ನಿನ್ನ ಹುಣಸೆ ಮರದ ಹತ್ತಿರ ಬರುವುದಿಲ್ಲ.

ಕೇಸು ವಿಚಾರಣೆಗೆ ಬರುವ ಪೇಶಿಯ ದಿನ ನೀನು ಸಾಕ್ಷಿ ಹೇಳಬೇಕು. ನನಗೆ ಬರೆದದ್ದನ್ನೆಲ್ಲ ಎಲ್ಲರ ಮುಂದೆ ಹೇಳಬೇಕು. ಮೇಜಿನ ಮಾತು, ಹೆಸರು ತಿದ್ದಿದ್ದು, ಎಲ್ಲ.

ಕೌಶಲ್ಯಾ


ತಾಂಡೂರು
25-6-1987

ಕೌಶಲ್ಯಾ,

ಹೇಳುತ್ತೇನೆ. ಸಮನ್ಸ್ ಬಂದಿದೆ, ಆಗಸ್ಟ್ ಹನ್ನೆರಡು.

ಪರೀಕ್ಷೆ ಭಾನುವಾರ ಮುಗಿಯಿತು. ಬೆಳಗಿನ ಪ್ಯಾಸೆಂಜರಿನಲ್ಲಿ ಹೋದೆ. ಬಾಗಿಲಲ್ಲಿ ನಿಂತವನು, "ಅಮ್ಮಾ, ತಾಯಂದಿರು ಹೊರಗೆ ಕೂರಬೇಕು" ಎಂದು ತೆಲುಗಿನಲ್ಲಿ ಹೇಳಿದ. ಹಾಲ್ ಟಿಕೆಟ್ ತೋರಿಸಿದೆ. ಫೋಟೋ ನೋಡಿದ, ನನ್ನನ್ನು ನೋಡಿದ, ಮತ್ತೆ ಫೋಟೋ ನೋಡಿದ. ನನ್ನ ಪಕ್ಕದ ಬೆಂಚಿನ ಹುಡುಗ ಅಂಗೈಯಲ್ಲಿ ರಾಜಧಾನಿಗಳನ್ನು ಬರೆದುಕೊಂಡು ಬಂದಿದ್ದ. ಬೆವರಿಗೆ ಎಲ್ಲ ಕಲಸಿ ಹೋಗಿ, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ನಾಳೆ ಇವನೂ ಒಂದು ಪಡಸಾಲೆಯಲ್ಲಿ ಕೂರುತ್ತಾನೆ ಎನಿಸಿತು. ಆಮೇಲೆ ನಾನು ಏನು ಒರೆಸಿಕೊಂಡು ಬಂದಿದ್ದೇನೆ ಎಂದು ನೆನಪಾಗಿ ನನ್ನ ಕಾಗದದ ಕಡೆ ತಿರುಗಿದೆ.

ಚೆನ್ನಾಗಿ ಬರೆದಿದ್ದೇನೆ. ಇದನ್ನು ನಿನಗೆ ಹೇಳಲು ನಾಚಿಕೆ, ಆದರೆ ಹೇಳಲು ಬೇರೆ ಯಾರಿದ್ದಾರೆ?

ಸಂಗಮೇಶನಿಗೆ ಪೇಶಿಯ ವಿಷಯ ತಿಳಿಸಿದೆ. "ಸುಳ್ಳು ದಸ್ಕತ್ ಮಾಡೀನಿ ಅಂತ ಕೋರ್ಟಿನಾಗ ಒಪ್ಪಿಕೊಂಡ್ರ ನಿಮ್ ಮ್ಯಾಲೇ ಕೇಸ್ ಆಗಬಹುದ್ರಿ. ಸೀಟೂ ಹೋಗಬಹುದು" ಎಂದ. ಆಮೇಲೆ, "ಬ್ಯಾಡ ಅನ್ನಾಕ ನನಗ ಬಾಯಿ ಬರವಲ್ದು" ಎಂದ. ಒಳ್ಳೆಯ ಹುಡುಗ. ಈ ಕೆಲಸದಲ್ಲಿ ಎಷ್ಟು ದಿನ ಹಾಗೇ ಇರುತ್ತಾನೋ.

ವಿಮಲಾ


ನಾರಾಯಣಖೇಡ
19-8-1987

ವಿಮಲಾಬಾಯಿ,

ಅಂದು ನೀನು ಕಟಕಟೆಯಲ್ಲಿ ನಿಂತಾಗ ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ನಾನು ನಿನ್ನನ್ನೇ ನೋಡುತ್ತಿದ್ದೆ. ನಿನ್ನ ತಲೆ ಇಷ್ಟು ನರೆತಿದೆ ಎಂದು ಗೊತ್ತಿರಲಿಲ್ಲ. ಕಟ್ಟಿಗೆಯ ಮೇಲಿಟ್ಟ ನಿನ್ನ ಬೆರಳುಗಳು ಸುಮ್ಮನಿರಲಿಲ್ಲ, ಟೈಪ್ ಮಾಡುವಂತೆ ಕುಣಿಯುತ್ತಿದ್ದವು.

ನೀನು ಹೇಳುತ್ತಿದ್ದಾಗ ಆತ್ಮಾರಾಮ ನೆಲ ನೋಡುತ್ತಿದ್ದ. ದಪ್ಪಗಾಗಿದ್ದಾನೆ. ಇವನಿಗಾಗಿ ಇಷ್ಟು ವರ್ಷ ಅತ್ತೆನಾ ಎಂದು ನನ್ನ ಮೇಲೆ ನನಗೇ ಹೇಸಿಕೆಯಾಯಿತು.

ಶಿವಶಂಕರಪ್ಪ ಎದ್ದು ನಿಂತು, "ಓದಿ ಹೇಳೀನಿ ಅಂತ ಸಹಿ ಮಾಡೀರಿ. ಇವತ್ತ ಓದಿ ಹೇಳಿಲ್ಲ ಅಂತೀರಿ. ಆವತ್ತಿಂದು ಸುಳ್ಳೋ, ಇವತ್ತಿಂದೋ?" ಎಂದ.

"ಆವತ್ತಿಂದ್ರಿ."

"ಸುಳ್ಳು ದಸ್ಕತ್ ಮಾಡೋರು ವಕೀಲ್ಕಿ ಪರೀಕ್ಷಾ ಬರದೀರಂತ?"

ಕೋರ್ಟಿನ ತುಂಬ ಕರಿ ಕೋಟಿನವರು ನಕ್ಕರು. ಬಾಗಿಲ ಹತ್ತಿರ ನಿಂತ ಪೋಲೀಸನೂ ನಕ್ಕ. ಮ್ಯಾಜಿಸ್ಟ್ರೇಟರು ಮೇಜು ಬಡಿದು, "ಯಾಕೆ ಸಹಿ ಮಾಡಿದಿರಿ?" ಎಂದು ಕೇಳಿದರು.

ನೀನು, "ಮೇಜಿನ ಸಲುವಾಗಿ ಸಾಹೇಬ್ರೇ. ಅಂಜಿಕಿ ಇತ್ತು, ಆದ್ರ ಕಣ್ಣು ಕಾಣ್ತಿತ್ತು. ಆಕಿ ಕಾಗದ ನಂಬ್ಲಿಲ್ಲ, ನನ್ನ ನಂಬಿದ್ಲು. ಏನ್ ಶಿಕ್ಷಾ ಕೊಡ್ತೀರಿ ಕೊಡ್ರಿ" ಎಂದೆ.

ಆಗ ಯಾರೂ ನಗಲಿಲ್ಲ.

ಹೊರಗೆ ಬಂದಾಗ ನೀನು ಬಸ್ ಸ್ಟ್ಯಾಂಡಿನವರೆಗೆ ಹಿಂದೆ ಹಿಂದೆ ಬಂದದ್ದು ಗೊತ್ತಾಯಿತು. ನಾನು ತಿರುಗಲಿಲ್ಲ. ಬಸ್ಸು ಜಹೀರಾಬಾದ್ ಮುಟ್ಟುವವರೆಗೂ ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಕೂತಿದ್ದೆ. ಟೀಚರ್ ನಿಂಬೆಹಣ್ಣು ಕೊಟ್ಟರು. "ಯಾರ್ ಮ್ಯಾಲ ಈ ಹೇಸಿಕಿ? ಇನ್ನೂ ಆಕಿ ಮ್ಯಾಲೇನು?" ಎಂದು ಕೇಳಿದರು. ಇನ್ನೂ ಇದೆ ಎಂದೆ. ಆದರೆ ಆ ನಕ್ಕವರ ಮೇಲೆ ಹೆಚ್ಚು ಇದೆ ಎಂದೆ.

ಕೌಶಲ್ಯಾ


ತಾಂಡೂರು
14-9-1987

ಕೌಶಲ್ಯಾ,

ಆರ್ಡರಿನ ನಕಲು ನಿನಗೆ ಬಂದಿರಬೇಕು. ನೀನು ಒಪ್ಪಿ ಬೇರೆ ಹೋದೆ ಎಂಬ ಮಾತನ್ನು ಕೋರ್ಟು ನಂಬಿಲ್ಲ. ಆತ್ಮಾರಾಮ ತಿಂಗಳು ತಿಂಗಳು ಕೋರ್ಟಿಗೆ ಕಟ್ಟಬೇಕು. ಮೊದಲು ಕಣ್ಣು ತೋರಿಸು. ನನ್ನ ಮೇಲೆ ಮ್ಯಾಜಿಸ್ಟ್ರೇಟರು ಕೇಸು ಮಾಡಲಿಲ್ಲ. ಆರ್ಡರಿನಲ್ಲಿ ನನ್ನ ಬಗ್ಗೆ ಎರಡು ಸಾಲು ಕಟುವಾಗಿ ಬರೆದಿದ್ದಾರೆ. ಓದಿಸಿ ಕೇಳು. ನಿಜವನ್ನೇ ಬರೆದಿದ್ದಾರೆ.

ನನಗೆ ಸೀಟು ಸಿಕ್ಕಿದೆ. ಆದರೆ ಸೇರುವಾಗ ಗುಣನಡತೆಯ ಪತ್ರ ಕೊಡಬೇಕು. ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ನನ್ನನ್ನು ಬಲ್ಲ ಒಬ್ಬರು, ನನ್ನ ನಡತೆ ಒಳ್ಳೆಯದು ಎಂದು ಸಹಿ ಮಾಡಬೇಕು. ತಾಂಡೂರಿನಲ್ಲಿ ಯಾರೂ ಪೆನ್ನು ಎತ್ತುತ್ತಿಲ್ಲ. ಹದಿಮೂರು ವರ್ಷ ಯಾರ ಅರ್ಜಿಗಳನ್ನು ಬಡಿದುಕೊಟ್ಟೆನೋ ಅವರೇ ನನ್ನನ್ನು ಕಂಡು ರಸ್ತೆಯ ಆ ಬದಿಗೆ ಹೋಗುತ್ತಾರೆ. ಸುಳ್ಳು ಟೈಪ್ ಮಾಡುತ್ತಿದ್ದಾಗ ಎಲ್ಲರೂ ನಮಸ್ಕಾರ ಹೇಳುತ್ತಿದ್ದರು.

ಫಾರ್ಮು ಇದರ ಜೊತೆ ಇಟ್ಟಿದ್ದೇನೆ. ನನ್ನನ್ನು ಸರಿಯಾಗಿ ಬಲ್ಲವಳು ನೀನೊಬ್ಬಳೇ. ನೀನು ಸಹಿ ಮಾಡುತ್ತೀಯಾ? ಮಾಡದಿದ್ದರೆ ತಪ್ಪಿಲ್ಲ, ಹಾಗೇ ವಾಪಸು ಕಳಿಸು. ಈ ತಿಂಗಳ ಕೊನೆಗೆ ಗಡುವು.

ವಿಮಲಾ


ನಾರಾಯಣಖೇಡ
24-9-1987

ವಿಮಲಾಬಾಯಿ,

ಕಣ್ಣು ತೋರಿಸಿ ಬಂದೆ. ಪೊರೆಯಂತೆ, ತೆಗೆಯಬಹುದಂತೆ.

ನಿನ್ನ ಫಾರ್ಮನ್ನು ಟೀಚರಿಗೆ ಕೊಟ್ಟೆ. ಅವರು ಪೆನ್ನು ತೆಗೆದು, ಸಹಿ ಮಾಡುವ ಮೊದಲು ನನ್ನನ್ನೇ ಕೇಳಿದರು. "ನಡತಿ ಚಲೋ ಅದ ಅಂತ ಬರೀಲೇನು?"

ನಾನು, "ಚಲೋ ಇಲ್ರಿ. ಭಾಳ ಕೆಟ್ಟದ್ದು ಮಾಡ್ಯಾಳ. ಆದ್ರ ಮಂದಿ ಮುಂದ ನಿಂತು ಹೇಳ್ಯಾಳ. ಅದಕ್ಕ ಏನ್ ಬರೀತಾರ್ರಿ?" ಎಂದೆ.

ಟೀಚರ್ ಫಾರ್ಮನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಅದರಲ್ಲಿ ಅಂಥದಕ್ಕೆ ಜಾಗ ಇಲ್ಲ ಎಂದರು. ಕಡೆಗೆ, ಇವಳನ್ನು ಇಪ್ಪತ್ತೊಂಬತ್ತು ವರ್ಷದಿಂದ ಬಲ್ಲೆ, ಇವಳಿಗೆ ಕಾನೂನು ಓದಲು ಬಿಡಬೇಕು ಎಂದು ತಮ್ಮ ಕೈಯಿಂದ ಬರೆದು ಸಹಿ ಮಾಡಿ ಶಾಲೆಯ ಮುದ್ರೆ ಒತ್ತಿದ್ದಾರೆ. ಅದು ನಡೆಯುತ್ತದೋ ಇಲ್ಲವೋ ಹೈದರಾಬಾದಿನವರು ಹೇಳಲಿ.

ನಾನು ಸಹಿ ಮಾಡಿಲ್ಲ. ಮಾಡಬಾರದೆಂದಲ್ಲ. ಫಾರ್ಮಿನ ಹಿಂದಿನ ಪುಟವನ್ನು ನೀನು ನೋಡಿದಂತೆ ಕಾಣುವುದಿಲ್ಲ. ಸಹಿ ಮಾಡುವವರು ಅರ್ಜಿದಾರರ ರಕ್ತಸಂಬಂಧಿ ಆಗಿರಕೂಡದು ಎಂದು ಅಲ್ಲಿ ಸಣ್ಣ ಅಕ್ಷರದಲ್ಲಿ ಹಾಕಿದ್ದಾರೆ.

ಆದ್ದರಿಂದ ನಾನು ಸಹಿ ಮಾಡುವಂತಿಲ್ಲ.

ಕೌಶಲ್ಯಾ